ಮುಟ್ಟಿನ ಲೆಕ್ಕ ಯಾರು ಇಡ್ತಾರೆ?

ಯಾದಗಿರಿ ಜಿಲ್ಲೆಯ ಒಂದು ಉಪಕೇಂದ್ರದಲ್ಲಿ ನಾನು ಸಿಸ್ಟರ್. ಬಸಿರು ತಡೆಯುವ ಅಂತರಾ ಸೂಜಿ ನಮ್ಮಲ್ಲಿಗೆ ಬಂದಾಗ ಖುಷಿಪಟ್ಟಿದ್ದೆ. ಮೂರು ತಿಂಗಳಿಗೊಂದು ಸೂಜಿ, ದುಡ್ಡಿಲ್ಲ, ಮನೆಯಲ್ಲಿ ಗುಳಿಗೆ ಬಚ್ಚಿಡುವ ಗೋಜಿಲ್ಲ. ‘ಅತ್ತೆಗೆ ಗೊತ್ತೇ ಆಗಲ್ಲ’ ಅಂತ ಎಲ್ಲರಿಗೂ ಹೇಳುತ್ತಿದ್ದೆ.

ಎರಡನೇ ಸೂಜಿಗೆ ಬರುವವರು ಮಾತ್ರ ಕಡಿಮೆ. ರಿಜಿಸ್ಟರ್ ನೋಡಿ, ‘ಇವರಿಗೆ ತಿಳಿವಳಿಕೆನೇ ಇಲ್ಲ’ ಅಂತ ಗೊಣಗುತ್ತಿದ್ದೆ.

ಒಂದು ಗುರುವಾರ, ಲಸಿಕೆ ದಿನ, ಹಾಗೆ ತಪ್ಪಿಸಿಕೊಂಡವಳೊಬ್ಬಳು ಮಗು ಎತ್ತಿಕೊಂಡು ಬಂದಳು. ಎಲ್ಲರ ಮುಂದೆಯೇ ‘ಸೂಜಿಗೆ ಯಾಕ ಬರಲಿಲ್ಲವ್ವ?’ ಅಂದುಬಿಟ್ಟೆ. ನಕ್ಕು ಸುಮ್ಮನಾದಳು. ಜನ ಕರಗಿದ ಮೇಲೆ, ಮಗುವಿನ ಕುಲಾವಿ ಕಟ್ಟುತ್ತಾ ಬಾಯಿ ಬಿಟ್ಟಳು.

‘ಮುಟ್ಟು ನಿಂತು ಎರಡು ತಿಂಗಳಾಯ್ತ್ರಿ ಅಕ್ಕೋರೆ. ನಮ್ಮನ್ಯಾಗ ಮುಟ್ಟಾದ್ರ ಒಲಿ ಮುಂದ ಹೋಗಂಗಿಲ್ಲ. ಎರಡು ತಿಂಗಳಿಂದ ದಿನಾ ನಾನೇ ರೊಟ್ಟಿ ಬಡೀಲಿಕತ್ತೀನಿ. ಮಗ ಬೆಂಗಳೂರಿಗೆ ಹೋಗಿ ನಾಲ್ಕು ತಿಂಗಳಾತು, ಇದು ಹೆಂಗ ಅಂತ ಅತ್ತಿ ಕೇಳಿದ್ಲ್ರಿ.’

ನನಗೆ ಮಾತೇ ಹೊರಡಲಿಲ್ಲ. ಈ ಸೂಜಿ ತಗೊಂಡರೆ ಮುಟ್ಟು ಏರುಪೇರಾಗುತ್ತದೆ, ಕೆಲವರಿಗೆ ನಿಂತೇ ಹೋಗುತ್ತದೆ, ಅದರಿಂದ ಅಪಾಯವಿಲ್ಲ. ಇದನ್ನು ಹೇಳಿಯೇ ಸೂಜಿ ಕೊಡಬೇಕು. ನಾನು ಹೇಳಿದ್ದೆ, ಆದರೆ ಗಡಿಬಿಡಿಯಲ್ಲಿ. ಒಲೆ ಮುಂದೆ ಯಾರು ಕೂತಿದ್ದಾರೆ ಅನ್ನುವುದರಿಂದಲೇ ಮನೆಯವರಿಗೆಲ್ಲ ಲೆಕ್ಕ ಸಿಗುತ್ತದೆ ಅಂತ ಹೊಳೆದಿರಲೇ ಇಲ್ಲ. ನನ್ನ ತವರಲ್ಲೂ ಇದೇ ಪದ್ಧತಿ, ನೋಡಿ!

ನಿಶ್ಚಯ್ ಕಿಟ್‌ನಲ್ಲಿ ಬಸಿರಿನ ಪರೀಕ್ಷೆ ಮಾಡಿದೆ. ಒಂದೇ ಗೆರೆ, ಬಸಿರಿಲ್ಲ. ಆ ಪಟ್ಟಿಯನ್ನು ಕಾಗದದಲ್ಲಿ ಸುತ್ತಿ ಕೊಡಿ ಅಂದಳು. ಅತ್ತೆಗೆ ತೋರಿಸಲಿಕ್ಕೆ.

2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಪ್ರಕಾರ ನಮ್ಮ ರಾಜ್ಯದ 15ರಿಂದ 49 ವಯಸ್ಸಿನ ಮದುವೆಯಾದ ಹೆಂಗಸರಲ್ಲಿ ನೂರಕ್ಕೆ ಸುಮಾರು 57 ಮಂದಿಗೆ ಮಕ್ಕಳಾಗದ ಹಾಗೆ ಆಪರೇಷನ್ ಆಗಿದೆ. ಬೇರೆ ದಾರಿ ಇದ್ದರೂ ಇವರದೇನು ಹಠ ಅನ್ನಿಸುತ್ತಿತ್ತು. ಈಗ ಬೇರೆ ಥರ ಕಾಣುತ್ತದೆ. ಒಮ್ಮೆ ಮಾಡಿಸಿದರೆ ಮುಗೀತು, ಮುಟ್ಟು ಮೊದಲಿನಂತೆ ಬರುತ್ತದೆ, ಯಾರಿಗೂ ಉತ್ತರ ಕೊಡಬೇಕಿಲ್ಲ.

ಈಗ ಸೂಜಿಯ ಮಾತಿಗಿಂತ ಮೊದಲು, ಒಬ್ಬೊಬ್ಬರನ್ನೇ ಒಳಗೆ ಕರೆದು ಕೇಳುತ್ತೇನೆ: ‘ಮನ್ಯಾಗ ನಿನ್ನ ಮುಟ್ಟಿನ ಲೆಕ್ಕ ಯಾರು ಇಡ್ತಾರ?’ ಅತ್ತೆ ಅಂದರೆ ವಂಕಿಯ, ಅಂದರೆ ಗರ್ಭಕೋಶದೊಳಗೆ ಇಡುವ ಕಾಪರ್-ಟಿಯ ವಿಷಯ ತೆಗೆಯುತ್ತೇನೆ. ಮೊದಲ ಕೆಲವು ತಿಂಗಳು ರಕ್ತ ಸ್ವಲ್ಪ ಜಾಸ್ತಿ ಹೋಗಬಹುದು, ಆದರೆ ಮುಟ್ಟು ನಿಲ್ಲುವುದಿಲ್ಲ. ಅಂತರಾ ಕಾರ್ಡನ್ನು ಮನೆಗೆ ಒಯ್ಯಲು ಹೆದರುವವರದು ನನ್ನ ಡ್ರಾನಲ್ಲೇ ಇರುತ್ತದೆ.

ಆಕೆ ಇನ್ನೂ ವಂಕಿ ಹಾಕಿಸಿಲ್ಲ. ಹಬ್ಬಕ್ಕೆ ಗಂಡ ಬಂದಾಗ ಕೇಳುತ್ತಾಳಂತೆ. ಅಲ್ಲಿಯವರೆಗೆ ಇರಲಿ ಅಂತ ನಿರೋಧ್ ಕೊಟ್ಟಿದ್ದೇನೆ. ಜೋಳದ ಹಿಟ್ಟಿನ ಡಬ್ಬಿಯ ಹಿಂದೆ ಇಡ್ತೀನಿ ಅಂದಳು. ಹೇಗೂ ಈಗ ರೊಟ್ಟಿ ಬಡಿಯುವುದು ಅವಳೇ ಅಲ್ವಾ.