‘ಪ್ಲೇಜಿಯರಿಸಂ ಎಷ್ಟು ಬಂತು?’

ಪಿಎಚ್.ಡಿ. ಪ್ರಬಂಧ ಮುಗಿಯುವ ಹೊತ್ತಿಗೆ ಸಂಶೋಧನಾರ್ಥಿಗಳ ನಡುವೆ ಓಡಾಡುವ ಪ್ರಶ್ನೆ ಇದೊಂದೇ. ಪ್ಲೇಜಿಯರಿಸಂ ಎಂದರೆ ಕೃತಿಚೌರ್ಯ; ಪ್ರಬಂಧವನ್ನು ಪರೀಕ್ಷಿಸುವ ಸಾಫ್ಟ್‌ವೇರ್ ಅದನ್ನು ಶೇಕಡಾ ಲೆಕ್ಕದಲ್ಲಿ ಹೇಳುತ್ತದೆ ಎಂಬುದು ನಂಬಿಕೆ, ಗಡಿ ಹತ್ತು. ಒಂಬತ್ತು ಬಂದರೆ ನೆಮ್ಮದಿಯ ನಿಟ್ಟುಸಿರು, ಹದಿನಾಲ್ಕು ಬಂದರೆ ನಿದ್ದೆಗೇಡು. ಆದರೆ ಸಾಫ್ಟ್‌ವೇರ್ ಕೊಡುವುದು ಕಳವಿನ ಲೆಕ್ಕವಲ್ಲ, ಹೋಲಿಕೆಯ ಲೆಕ್ಕ. ನಿಮ್ಮ ಬರಹವನ್ನು ನಾಲ್ಕಾರು ಪದಗಳ ತುಂಡು ಮಾಡಿ, ತನ್ನ ಭಂಡಾರದಲ್ಲಿರುವ ಜಾಲತಾಣ, ಜರ್ನಲ್, ಹಳೆಯ ಪ್ರಬಂಧಗಳ ಜೊತೆ ತಾಳೆ ನೋಡುವುದಷ್ಟೇ ಅದರ ಕೆಲಸ. ಯಾರು ಯಾರಿಂದ ತೆಗೆದುಕೊಂಡರು, ಹೇಳಿ ತೆಗೆದುಕೊಂಡರೋ ಹೇಳದೆಯೋ ಎಂಬುದು ಅದಕ್ಕೆ ತಿಳಿಯದು.

ಹಾಗಾಗಿ ವರದಿ ಕೈಗೆ ಬಂದಾಗ ದಪ್ಪಕ್ಷರದ ಒಟ್ಟು ಅಂಕಿಯನ್ನು ಬಿಟ್ಟು ಕೆಳಗಿನ ಮೂಲಗಳ ಪಟ್ಟಿ ನೋಡಬೇಕು. 200 ಪುಟದ ಪ್ರಬಂಧದಲ್ಲಿ ಶೇ. 8 ಎಂದರೆ ಸುಮಾರು 16 ಪುಟ. ಅಷ್ಟೂ ಒಂದೇ ಮೂಲದಿಂದ ಬಂದಿದ್ದರೆ ಯಾರದೋ ಅಧ್ಯಾಯದ ಮುಕ್ಕಾಲು ಭಾಗ ನಿಮ್ಮ ಹೆಸರಿನಲ್ಲಿ ಕೂತಿದೆ ಎಂದರ್ಥ. ಅದೇ ಶೇ. 22 ಬಂದು, ಒಂದೊಂದು ಮೂಲದ್ದೂ ಅರ್ಧ ಪರ್ಸೆಂಟೋ ಒಂದೋ ಇದ್ದರೆ, ಬಹುಪಾಲು ಅದು ಸಂಸ್ಥೆಗಳ ಹೆಸರು, ಕಾಯ್ದೆಯ ಸಾಲು, ಎಲ್ಲರೂ ಒಂದೇ ರೀತಿ ಬರೆಯುವ ಪ್ರಯೋಗವಿಧಾನ. ಮೊದಲನೆಯದು ಪಾಸಾಗುತ್ತದೆ, ಎರಡನೆಯದು ವಾಪಸ್ ಬರುತ್ತದೆ!

ಈ ‘ಹತ್ತು’ ಎಲ್ಲಿಂದ ಬಂತು? ಯುಜಿಸಿ, ಅಂದರೆ ವಿಶ್ವವಿದ್ಯಾಲಯ ಧನಸಹಾಯ ಆಯೋಗ, 2018ರಲ್ಲಿ ಹೊರಡಿಸಿದ ನಿಯಮಾವಳಿಯಿಂದ. ಶೇ. 10ರವರೆಗೆ ದಂಡವಿಲ್ಲ. 10ರಿಂದ 40ರವರೆಗೆ ಆರು ತಿಂಗಳು ಮೀರದ ಅವಧಿಯಲ್ಲಿ ತಿದ್ದಿ ಕೊಡಬೇಕು. 40ರಿಂದ 60 ಆದರೆ ಒಂದು ವರ್ಷ ತಿದ್ದಿದ ಪ್ರತಿ ಕೊಡುವಂತಿಲ್ಲ. 60 ದಾಟಿದರೆ ನೋಂದಣಿಯೇ ರದ್ದು. ಅಧ್ಯಾಪಕರ ಲೇಖನವಾದರೆ 10 ದಾಟಿದ ಕೂಡಲೇ ಹಿಂತೆಗೆದುಕೊಳ್ಳಬೇಕು. 40 ದಾಟಿದರೆ ಅದರ ಜೊತೆಗೆ ಒಂದು ವಾರ್ಷಿಕ ಇನ್‌ಕ್ರಿಮೆಂಟ್ ಹೋಗುತ್ತದೆ, ಎರಡು ವರ್ಷ ಹೊಸ ವಿದ್ಯಾರ್ಥಿಗಳಿಗೆ ಗೈಡ್ ಆಗುವಂತಿಲ್ಲ. 60 ದಾಟಿದರೆ ಎರಡು ಇನ್‌ಕ್ರಿಮೆಂಟ್, ಮೂರು ವರ್ಷ. ಪದವಿ ಸಿಕ್ಕಿದ ಮೇಲೆ ಕೃತಿಚೌರ್ಯ ಸಾಬೀತಾದರೂ ಪದವಿಯನ್ನು ತಡೆಹಿಡಿಯಲು ಅವಕಾಶವಿದೆ.

ಇಷ್ಟು ಎಲ್ಲರಿಗೂ ಬಾಯಿಪಾಠ. ಅದೇ ನಿಯಮಾವಳಿಯಲ್ಲಿ, ಏನನ್ನು ಲೆಕ್ಕದಿಂದ ಬಿಡಬೇಕು ಎಂದು ಹೇಳುವ ಭಾಗದ ಕೆಳಗೆ, ಒಂದು ಟಿಪ್ಪಣಿ ಇದೆ. ಅದನ್ನು ಓದಿದವರು ಕಡಿಮೆ. ಸಾರಾಂಶ, ಊಹನೆ, ಅವಲೋಕನ, ಫಲಿತಾಂಶ, ತೀರ್ಮಾನ, ಶಿಫಾರಸು ಇವೆಲ್ಲ ಸ್ವಂತ ವಿಚಾರದ್ದಾಗಿರಬೇಕು, ಇವುಗಳಲ್ಲಿ ಹೋಲಿಕೆಯೇ ಇರಕೂಡದು ಎನ್ನುತ್ತದೆ ಅದು. ವಿನಾಯಿತಿ ಸಾಮಾನ್ಯ ಜ್ಞಾನಕ್ಕೆ, ಆಕಸ್ಮಿಕವಾಗಿ ಹೊಂದುವ ಮಾತುಗಳಿಗೆ. ಅದೂ ಸತತ 14 ಪದಗಳವರೆಗೆ. ‘ಹತ್ತರೊಳಗೆ ಏನು ಬೇಕಾದರೂ ಎತ್ತಬಹುದು’ ಎಂಬ ರಿಯಾಯಿತಿ ಅಲ್ಲಿ ಎಲ್ಲೂ ಇಲ್ಲ. ತೀರ್ಮಾನದ ಅಧ್ಯಾಯದಲ್ಲಿ ಎರಡು ಪ್ಯಾರಾ ಎತ್ತಿ ಒಟ್ಟು ಶೇ. 3 ತೋರಿಸಿದವರು ಸುರಕ್ಷಿತರಲ್ಲ. ಅತ್ತ ಲೆಕ್ಕದಿಂದ ಹೊರಗಿರುವುದು ಆಕರಸೂಚಿ, ಪರಿವಿಡಿ, ಮುನ್ನುಡಿ, ಕೃತಜ್ಞತೆ, ಕಾನೂನು, ಪ್ರಮಾಣಿತ ಸಮೀಕರಣ, ಮೂಲ ಹೇಳಿ ಉದ್ಧರಿಸಿದ ಭಾಗ. ಪರೀಕ್ಷೆ ಮಾಡುವವರು ಈ ಆಯ್ಕೆಗಳನ್ನು ಒತ್ತದೆ ಹಾಗೇ ಓಡಿಸಿದರೆ ಆಕರಸೂಚಿಯೊಂದೇ ಅಂಕಿಯನ್ನು ಗಡಿ ದಾಟಿಸಬಹುದು. ಸೆಟ್ಟಿಂಗ್ ಏನಿತ್ತು ಎಂದು ಕೇಳಲು ಹಿಂಜರಿಯಬೇಡಿ. ದೂರು ಬಂದರೆ ತೀರ್ಮಾನಿಸುವುದೂ ಯಂತ್ರವಲ್ಲ. ವಿಭಾಗದ ಮುಖ್ಯಸ್ಥರು, ಹೊರ ವಿಭಾಗದ ಒಬ್ಬ ಹಿರಿಯರು, ಸಾಫ್ಟ್‌ವೇರ್ ಬಲ್ಲ ಒಬ್ಬರು ಸೇರಿದ ಸಮಿತಿ 45 ದಿನದೊಳಗೆ ವರದಿ ಕೊಡಬೇಕು.

ಅಂಕಿಯೇ ದೇವರಾದ ಮೇಲೆ ಅದನ್ನು ಇಳಿಸುವ ಪೂಜಾರಿಗಳೂ ಹುಟ್ಟಿಕೊಂಡರು. ಪದಕ್ಕೆ ಪದ ಬದಲಿಸುವ ತಂತ್ರಾಂಶಕ್ಕೆ ಹಾಕುವುದು, ಇಂಗ್ಲಿಷಿನಿಂದ ಹಿಂದಿಗೆ, ಹಿಂದಿಯಿಂದ ಮತ್ತೆ ಇಂಗ್ಲಿಷಿಗೆ ತಿರುಗಿಸುವುದು, ಪುಟವನ್ನೇ ಚಿತ್ರವಾಗಿ ಅಂಟಿಸುವುದು, ಇಂಗ್ಲಿಷ್ ‘ಎ’ ಜಾಗದಲ್ಲಿ ನೋಡಲು ಹಾಗೇ ಇರುವ ರಷ್ಯನ್ ಅಕ್ಷರ ಇಡುವುದು. ಕೊನೆಯ ಎರಡನ್ನು ಹಿಡಿಯುವುದು ಕಷ್ಟವಲ್ಲ. ಪುಟ ತುಂಬಿದ್ದರೂ ಪದಗಳ ಎಣಿಕೆ ಬಿದ್ದುಹೋಗಿರುತ್ತದೆ, ಅನ್ಯ ಲಿಪಿಯ ಅಕ್ಷರಗಳ ಬಗ್ಗೆ ಕೆಲವು ಸಾಫ್ಟ್‌ವೇರ್‌ಗಳು ತಾವೇ ಎಚ್ಚರಿಸುತ್ತವೆ. ಮೊದಲ ಎರಡು ತಂತ್ರಗಳು ಇನ್ನೊಂದು ಬಗೆಯ ಗುರುತು ಬಿಡುತ್ತವೆ. 2021ರಲ್ಲಿ ಗಿಯೋಮ್ ಕಬನಾಕ್, ಸಿರಿಲ್ ಲಬ್ಬೆ, ಅಲೆಕ್ಸಾಂಡರ್ ಮಾಗಜಿನೊವ್ ಎಂಬ ಸಂಶೋಧಕರು ಇಂಥ ‘ಚಿತ್ರಹಿಂಸೆಗೊಳಗಾದ ಪದಪುಂಜ’ಗಳನ್ನು ಪಟ್ಟಿ ಮಾಡಿದರು. ಆರ್ಟಿಫಿಶಿಯಲ್ ಇಂಟೆಲಿಜೆನ್ಸ್ ಎಂದಿರಬೇಕಾದ ಕಡೆ ‘ಕೌಂಟರ್‌ಫಿಟ್ ಕಾನ್ಷಿಯಸ್‌ನೆಸ್’, ಬಿಗ್ ಡೇಟಾ ಬದಲು ‘ಕೊಲೋಸಲ್ ಇನ್ಫರ್ಮೇಶನ್’, ಬ್ರೆಸ್ಟ್ ಕ್ಯಾನ್ಸರ್ ಬದಲು ‘ಬೂಸಮ್ ಪೆರಿಲ್’. ಪರಿಶೀಲಕರ ಕಣ್ಣು ದಾಟಿ ಅಚ್ಚಾದ ಲೇಖನಗಳಲ್ಲಿ ಸಿಕ್ಕವು ಇವು. ಈಗ ಆ ಪಟ್ಟಿ ಹಿಡಿದು ಹಳೆಯ ಲೇಖನಗಳನ್ನು ಜಾಲಾಡುವ ಸಲಕರಣೆಯೇ ಇದೆ. ಹೋಲಿಕೆ ಇಳಿಸಲು ಮಾಡಿದ ಕೆಲಸವೇ ವರ್ಷಗಳ ನಂತರ ಸಾಕ್ಷಿ ಹೇಳುತ್ತದೆ.

ಕನ್ನಡದಲ್ಲಿ ಬರೆದ ಪ್ರಬಂಧಗಳ ಕಥೆ ಇನ್ನೂ ವಿಚಿತ್ರ. ಅಲ್ಲಿ ‘ಎರಡು ಪರ್ಸೆಂಟ್ ಬಂತು’ ಎಂಬುದು ಹೆಮ್ಮೆಯ ಮಾತಲ್ಲ, ಅನುಮಾನದ ಮಾತು. ಡಿಟಿಪಿ ಸೆಂಟರುಗಳಲ್ಲಿ ಇಂದಿಗೂ ಯೂನಿಕೋಡ್ (ಎಲ್ಲ ಲಿಪಿಗಳಿಗೂ ಒಂದೇ ಆದ ಅಕ್ಷರಸಂಕೇತ) ಅಲ್ಲದ ಹಳೆಯ ‘ನುಡಿ’ ಫಾಂಟಿನಲ್ಲಿ ಟೈಪ್ ಮಾಡುತ್ತಾರೆ. ಪರದೆಯ ಮೇಲೆ ‘ಕ’ ಕಂಡರೂ ಕಡತದೊಳಗೆ ಇರುವುದು ಇಂಗ್ಲಿಷಿನ ‘ಪಿ’ ಮತ್ತು ನೆತ್ತಿಯ ಮೇಲೆ ಓರೆಗೆರೆ ಇರುವ ‘ಎ’. ಯೂನಿಕೋಡ್‌ನಲ್ಲಿರುವ ಜಾಲತಾಣದ ಕನ್ನಡದ ಜೊತೆ ಇದು ಯಾವ ಜನ್ಮದಲ್ಲೂ ತಾಳೆಯಾಗದು. ಪತ್ತೆ ಮಾಡುವುದು ಸುಲಭ: ಕಡತದ ಒಂದು ಸಾಲು ನಕಲು ಮಾಡಿ ವಾಟ್ಸ್‌ಆ್ಯಪ್‌ಗೆ ಅಂಟಿಸಿ. ಕನ್ನಡ ಕಂಡರೆ ಸರಿ, ಚಿತ್ರವಿಚಿತ್ರ ಇಂಗ್ಲಿಷ್ ಅಕ್ಷರಗಳು ಕಂಡರೆ ಆ ಹೋಲಿಕೆ ವರದಿ ಕಸದಬುಟ್ಟಿಗೆ. ಮೊದಲು ಯೂನಿಕೋಡ್‌ಗೆ ಪರಿವರ್ತಿಸಿ, ಅರ್ಕಾವತ್ತು, ಒತ್ತಕ್ಷರ, ಉದ್ಧರಣ ಚಿಹ್ನೆಗಳನ್ನು ಕಣ್ಣಿನಿಂದ ತಿದ್ದಿ, ಆಮೇಲೆ ಪರೀಕ್ಷೆಗೆ ಕೊಡಬೇಕು.

ಯೂನಿಕೋಡ್ ಆದ ಮಾತ್ರಕ್ಕೆ ಮುಗಿಯಿತೇ? ಕನ್ನಡದ ಪದಗಳು ಪ್ರತ್ಯಯ ಹೊತ್ತು ರೂಪ ಬದಲಿಸುತ್ತವೆ. ‘ಮಾಡಿದ್ದಾರೆ’ ಇದ್ದುದನ್ನು ‘ಮಾಡಿರುತ್ತಾರೆ’ ಮಾಡಿ, ಒಂದು ಸಂಧಿ ಬಿಡಿಸಿದರೆ ಪದಸಾಲಿನ ಹೊಂದಿಕೆ ತಪ್ಪುತ್ತದೆ. ಇನ್ನು ಇಂಗ್ಲಿಷ್ ಪುಸ್ತಕದ ಪ್ಯಾರಾ ಅನುವಾದಿಸಿ, ಹೆಸರು ಹೇಳದೆ ಸೇರಿಸಿದರೆ ಬರುವ ಅಂಕಿ ಸೊನ್ನೆಯ ಹತ್ತಿರವೇ. ಆದರೂ ಅದು ಅಪ್ಪಟ ಕೃತಿಚೌರ್ಯ. ಇದನ್ನು ಹೆಚ್ಚಾಗಿ ಹಿಡಿಯಬಲ್ಲವರು ಮಾರ್ಗದರ್ಶಕರೇ. ಪ್ಯಾರಾದಲ್ಲಿ ಆಕರಗಳು ಬರುವ ಸರದಿ ಇಂಗ್ಲಿಷ್ ಪುಸ್ತಕದ ಸರದಿಯೇ ಆಗಿದೆಯೇ? ಊರ ಹೆಸರು ಇಂಗ್ಲಿಷ್ ಕಾಗುಣಿತದಿಂದ ತಪ್ಪಾಗಿ ಕನ್ನಡಕ್ಕೆ ಬಂದಿದೆಯೇ? ಮೂಲದಲ್ಲಿದ್ದ ಪುಟಸಂಖ್ಯೆಯ ಮುದ್ರಣದೋಷ ಇಲ್ಲೂ ಇದೆಯೇ? ಈ ಮೂರನೆಯದು ಸಿಕ್ಕರೆ ಆ ಆಕರವನ್ನು ಅಭ್ಯರ್ಥಿ ತೆರೆದೇ ಇಲ್ಲ.

ವಚನ, ಶಾಸನ ಉದ್ಧರಿಸುವವರಿಗೆ ತಿರುಗುಮುರುಗು ತೊಂದರೆ. ವಚನಗಳು ಜಾಲದ ತುಂಬ ಇರುವುದರಿಂದ ಪ್ರಾಮಾಣಿಕ ಪ್ರಬಂಧದಲ್ಲೂ ಹೋಲಿಕೆ ಏರುತ್ತದೆ. ಪ್ರತಿ ವಚನಕ್ಕೂ ಸಂಪುಟ ಮತ್ತು ವಚನಸಂಖ್ಯೆ, ಎಪಿಗ್ರಾಫಿಯಾ ಕರ್ನಾಟಿಕ ಎಂಬ ಶಾಸನ ಸಂಪುಟಮಾಲೆಯ ಶಾಸನಕ್ಕೆ ಸಂಪುಟ, ತಾಲ್ಲೂಕು, ಶಾಸನಸಂಖ್ಯೆ ಕೊಟ್ಟು, ಉದ್ಧರಣ ಚಿಹ್ನೆಯೊಳಗೋ ಬೇರೆ ಅಂಚಿನ ಪ್ಯಾರಾದಲ್ಲೋ ಇಟ್ಟರೆ ಅದನ್ನು ಲೆಕ್ಕದಿಂದ ಬಿಡಿಸಿಕೊಳ್ಳಬಹುದು. ಶಾಸನವನ್ನು ಬೇರೊಬ್ಬರ ಪುಸ್ತಕದಲ್ಲಿ ನೋಡಿ ಬರೆದಿದ್ದರೆ ‘ಇಂಥವರಲ್ಲಿ ಉದ್ಧೃತ’ ಎಂದೇ ಬರೆಯಬೇಕು.

ನಿಮ್ಮದೇ ಪ್ರಕಟಿತ ಲೇಖನ ಪ್ರಬಂಧದಲ್ಲಿದ್ದರೆ ಅದನ್ನೂ ಹೇಳಲೇಬೇಕು. ಹಳೆಯ ಸ್ವಂತ ಬರಹವನ್ನು ಉಲ್ಲೇಖವಿಲ್ಲದೆ ಹೊಸದೆಂದು ತೋರಿಸಿ ಲಾಭ ಪಡೆಯುವುದು ಒಪ್ಪತಕ್ಕದ್ದಲ್ಲ ಎಂದು ಯುಜಿಸಿ 2020ರಲ್ಲಿ ಸ್ಪಷ್ಟಪಡಿಸಿದೆ.

ಕೊನೆಗೆ, ಒಳ್ಳೆಯವರೂ ಬೀಳುವ ಗುಂಡಿ ಒಂದಿದೆ. ಅಧಿಕೃತ ಪರೀಕ್ಷೆಗೆ ಮುಂಚೆ ‘ಒಂದ್ಸಲ ನೋಡಿಬಿಡೋಣ’ ಎಂದು ಜೆರಾಕ್ಸ್ ಅಂಗಡಿಯಲ್ಲಿ ದುಡ್ಡು ಕೊಟ್ಟು ಚೆಕ್ ಮಾಡಿಸುವುದು. ಅಲ್ಲಿ ಕಡತವನ್ನು ಭಂಡಾರಕ್ಕೆ ಸೇರಿಸುವ ಆಯ್ಕೆ ಚಾಲೂ ಇದ್ದರೆ ನಿಮ್ಮ ಕರಡು ಅಲ್ಲೇ ಉಳಿಯುತ್ತದೆ, ಗ್ರಂಥಾಲಯದಲ್ಲಿ ಎರಡನೇ ಬಾರಿ ಓಡಿಸಿದಾಗ ಶೇ. 95 ಹೋಲಿಕೆ ಎದುರು ನಿಲ್ಲುತ್ತದೆ. ಮೊದಲ ಮೂಲದ ಮುಂದೆ ‘ಸ್ಟೂಡೆಂಟ್ ಪೇಪರ್’ ಎಂದಿದ್ದು ಉಳಿದವೆಲ್ಲ ಚಿಲ್ಲರೆ ಇದ್ದರೆ, ಅದು ನೀವೇ ಕೊಟ್ಟ ಕರಡಲ್ಲವೇ ನೋಡಿ, ಆ ಮೂಲವೊಂದನ್ನು ಬಿಟ್ಟು ವರದಿ ತೆಗೆಯುವಂತೆ ಗ್ರಂಥಪಾಲಕರಿಗೆ ಗೈಡ್ ಸಹಿಯೊಂದಿಗೆ ಪತ್ರ ಕೊಡಿ. ಭಂಡಾರದಿಂದ ಪೂರ್ತಿ ಅಳಿಸಬೇಕೆಂದರೆ ಮನವಿ ಹೋಗಬೇಕಾದ್ದು ಅಪ್‌ಲೋಡ್ ಮಾಡಿದ ಖಾತೆಯ ಕಡೆಯಿಂದ. ಆ ಖಾತೆ ಯಾವ ಕಾಲೇಜಿನದೆಂದು ಅಂಗಡಿಯವನಿಗೂ ಬಹಳ ಸಲ ಗೊತ್ತಿರುವುದಿಲ್ಲ.