ಸಿಗರೇಟು ಬಿಡಲು ಮೊದಲ ವೇಪ್: ವೋಲ್ಟೇಜ್ ಲೆಕ್ಕದ ಟಿಪ್ಪಣಿ

ಸೆಪ್ಟೆಂಬರ್, ಮ್ಯಾಂಚೆಸ್ಟರ್

ಸಿಗರೇಟು ಬಿಡಬೇಕು. ಬರೀ ನಿಕೋಟಿನ್ ಗಮ್ ಅಗಿದು ನೋಡಿದ್ದಾಯಿತು, ಸಂಜೆಯಾದರೆ ಕೈ ಮತ್ತೆ ಪ್ಯಾಕಿನ ಕಡೆಗೇ ಹೋಗುತ್ತದೆ. ಇಲ್ಲಿನ ಸರ್ಕಾರಿ ಆರೋಗ್ಯ ಸೇವೆ ಎನ್‌ಎಚ್‌ಎಸ್, ಸೇದುವ ವಯಸ್ಕರಿಗೆ ವೇಪ್ (ನಿಕೋಟಿನ್ ದ್ರವವನ್ನು ಬಿಸಿ ಮಾಡಿ ಆವಿಯಾಗಿ ಎಳೆಯುವ ಇ-ಸಿಗರೇಟು) ಅನ್ನು ಬಿಡಿಸುವ ಸಾಧನವಾಗಿ ಹೇಳುತ್ತದೆ. ಸಿಗರೇಟಿಗಿಂತ ಅಪಾಯ ತುಂಬಾ ಕಡಿಮೆ, ಆದರೆ ಅಪಾಯವೇ ಇಲ್ಲ ಎಂದಲ್ಲ ಎಂಬುದು ಅವರ ಮಾತು. ಸೇದದವರು, ಅದರಲ್ಲೂ ಹುಡುಗರು, ಇದನ್ನು ಮುಟ್ಟಲೇಬಾರದು. ಈ ಟಿಪ್ಪಣಿ ಈಗಾಗಲೇ ಸೇದುತ್ತಿದ್ದು ಬಿಡಲು ಒದ್ದಾಡುತ್ತಿರುವವರಿಗಾಗಿ.

ಬಳಸಿ ಬಿಸಾಡುವ ವೇಪ್‌ಗಳು ಬ್ರಿಟನ್ನಿನಲ್ಲಿ 2025ರ ಜೂನ್ 1ರಿಂದ ನಿಷೇಧ. ಹಾಗಾಗಿ ಚಾರ್ಜ್ ಮಾಡಿ, ದ್ರವ ತುಂಬಿಸಿಕೊಳ್ಳುವಂಥದ್ದೇ ಬೇಕು. ಅಂಗಡಿಯಲ್ಲಿ ಮೂರು ಬಗೆ ಕಂಡವು: ಸಣ್ಣ ಪಾಡ್, ವೋಲ್ಟೇಜ್ ಬದಲಿಸಬಹುದಾದ ಪೆನ್ನು, ದಪ್ಪ ಪೆಟ್ಟಿಗೆಯಂಥ ಮಾಡ್. ಮಾಡ್‌ನಲ್ಲಿ 18650 ಎಂಬ ಅಳತೆಯ ಬಿಡಿ ಲಿಥಿಯಂ ಸೆಲ್ ಹಾಕಬೇಕು. ಆ ಸೆಲ್ಲಿನ ಹೊದಿಕೆ ಹರಿದಿದ್ದರೆ, ಅಥವಾ ಜೇಬಿನಲ್ಲಿ ಕೀಲಿಗೊಂಚಲಿನ ಜೊತೆ ಬಿದ್ದಿದ್ದರೆ, ಶಾರ್ಟ್ ಆಗಿ ಬೆಂಕಿ ಹತ್ತಬಹುದು. ಹೊಸಬರಿಗೆ ಅದು ಬೇಡ ಎಂದು ಅಲ್ಲೇ ತೀರ್ಮಾನ ಮಾಡಿದೆ. ಬ್ಯಾಟರಿ ಒಳಗೇ ಇರುವ, ವೋಲ್ಟೇಜ್ ಬದಲಿಸುವ ಪೆನ್ನು ಸಾಕು.

ಸೆಪ್ಟೆಂಬರ್ ಕೊನೆ

ವೋಲ್ಟೇಜ್ ಬದಲಿಸುವುದು ಯಾಕೆ ಬೇಕು ಎಂದು ಕೂತು ಲೆಕ್ಕ ಹಾಕಿದೆ. ಲಿಥಿಯಂ ಬ್ಯಾಟರಿ ಪೂರ್ತಿ ತುಂಬಿದಾಗ 4.2 ವೋಲ್ಟ್, ಬಳಸುತ್ತಾ ಹೋದಂತೆ 3.7ಕ್ಕೆ, ಅದಕ್ಕೂ ಕೆಳಗೆ ಇಳಿಯುತ್ತದೆ. ನಿಯಂತ್ರಣವಿಲ್ಲದ ಸಾಧನದಲ್ಲಿ, ದ್ರವವನ್ನು ಬಿಸಿ ಮಾಡುವ ತಂತಿಯ ಸುರುಳಿಯಾದ ಕಾಯಿಲ್‌ಗೂ ಇದೇ ಏರಿಳಿತ ತಲುಪುತ್ತದೆ: ಬೆಳಿಗ್ಗೆ ಖಾರ, ಸಂಜೆ ಸಪ್ಪೆ. ಒಳಗೊಂದು ಚಿಪ್ ಇದ್ದರೆ ನಾವು ಇಟ್ಟ ವೋಲ್ಟೇಜೇ ಬರುತ್ತದೆ. ಹಿಂದೆ ತುಂಬಾ ಓಡಿದ ಇಗೋ ಟ್ವಿಸ್ಟ್ ಬ್ಯಾಟರಿಯ ಬುಡದಲ್ಲಿ ತಿರುಗಿಸುವ ಗುಂಡಿ ಇತ್ತು, 3.2ರಿಂದ 4.8 ವೋಲ್ಟ್‌ವರೆಗೆ. ಇವತ್ತಿನ ಪೆನ್ನುಗಳದ್ದೂ ಹೆಚ್ಚುಕಡಿಮೆ ಅದೇ ಯೋಚನೆ.

ಆದರೆ ಗುಂಡಿಗಿಂತ ಮೊದಲು ನೋಡಬೇಕಾದದ್ದು ಕಾಯಿಲ್ ಮೇಲೆ ಬರೆದಿರುವ ಓಮ್, ಅಂದರೆ ವಿದ್ಯುತ್ತಿಗೆ ಅದು ಒಡ್ಡುವ ತಡೆಯ ಅಳತೆ. ಶಾಲೆಯಲ್ಲಿ ಕಲಿತ ಸೂತ್ರವೇ: ವೋಲ್ಟೇಜಿನ ವರ್ಗವನ್ನು ಓಮ್‌ನಿಂದ ಭಾಗಿಸಿದರೆ ವ್ಯಾಟ್. 1.2 ಓಮ್ ಕಾಯಿಲ್‌ಗೆ 3.3 ವೋಲ್ಟ್ ಕೊಟ್ಟರೆ ಸುಮಾರು 9 ವ್ಯಾಟ್, 3.7 ಕೊಟ್ಟರೆ 11.4, 4.2 ಕೊಟ್ಟರೆ 14.7. 3.3ರಿಂದ 4.2ಕ್ಕೆ, ಅಂದರೆ ವೋಲ್ಟೇಜ್ ಶೇ 27ರಷ್ಟು ಏರಿದರೆ ಶಾಖ ಶೇ 60ಕ್ಕೂ ಹೆಚ್ಚು ಏರುತ್ತದೆ. ಗುಂಡಿಯನ್ನು ಒಂಚೂರು ತಿರುಗಿಸಿದರೂ ಗಂಟಲಿಗೆ ಗೊತ್ತಾಗುವುದು ಇದಕ್ಕೇ. ಅದೇ 3.7 ವೋಲ್ಟನ್ನು 0.8 ಓಮ್ ಕಾಯಿಲ್‌ಗೆ ಕೊಟ್ಟರೆ 17 ವ್ಯಾಟ್ ದಾಟುತ್ತದೆ. "ನಾನು 3.7ರಲ್ಲಿ ಇಟ್ಟಿದ್ದೇನೆ" ಎಂದು ಯಾರಾದರೂ ಹೇಳಿದರೆ, ಕಾಯಿಲ್ ಯಾವುದು ಎಂದು ಕೇಳದೆ ಆ ಮಾತನ್ನು ಹಿಡಿಯಬೇಡಿ.

ಸಿಗರೇಟಿನ ದಮ್ಮಿನಂತೆ ಮೊದಲು ಬಾಯಿಗೆ, ಆಮೇಲೆ ಎದೆಗೆ ಎಳೆಯುವ ಅಭ್ಯಾಸದವರಿಗೆ 1 ಓಮ್‌ಗಿಂತ ಹೆಚ್ಚಿನ ಕಾಯಿಲ್, ಬಿಗಿಯಾದ ಗಾಳಿಕಿಂಡಿ ಹೊಂದುತ್ತದೆ. ನೇರ ಎದೆಗೆ ಎಳೆದು ಮೋಡ ಬಿಡುವ ಸಾಧನಗಳಿಗೆ ಹೆಚ್ಚು ಶಾಖ, ಹೆಚ್ಚು ದ್ರವ, ಹೆಚ್ಚು ಖರ್ಚು. ನನಗೆ ಬೇಕಿರುವುದು ಮೋಡವಲ್ಲ, ಸಿಗರೇಟಿನಿಂದ ಬಿಡುಗಡೆ. 1.2 ಓಮ್ ಕಾಯಿಲ್ ತೆಗೆದುಕೊಂಡೆ.

ಅಕ್ಟೋಬರ್

ದ್ರವ: ಪ್ರೊಪಿಲೀನ್ ಗ್ಲೈಕಾಲ್, ಗ್ಲಿಸರಿನ್ ಅರ್ಧರ್ಧ. ಗ್ಲಿಸರಿನ್ ಹೆಚ್ಚಾದರೆ ದ್ರವ ಗಟ್ಟಿ, ಸಣ್ಣ ಕಾಯಿಲ್‌ನ ಹತ್ತಿಗೆ ಬೇಗ ಇಳಿಯುವುದಿಲ್ಲ. ನಿಕೋಟಿನ್ ಸಾಲ್ಟ್ (ಗಂಟಲಿಗೆ ಮೃದುವಾದ ನಿಕೋಟಿನ್ ರೂಪ), ಮಿಲಿಲೀಟರಿಗೆ 20 ಮಿಲಿಗ್ರಾಂ, ಇಲ್ಲಿನ ಕಾನೂನು ಒಪ್ಪುವ ಮೇಲ್ಮಿತಿ ಅದೇ. ನಿಕೋಟಿನ್ ದ್ರವದ ಬಾಟಲಿ 10 ಮಿಲಿಲೀಟರ್ ದಾಟುವಂತಿಲ್ಲ, ಟ್ಯಾಂಕ್ 2 ಮಿಲಿಲೀಟರ್ ದಾಟುವಂತಿಲ್ಲ. ಲೆಕ್ಕ ನೋಡಿದರೆ ಒಂದು ಪುಟ್ಟ ಬಾಟಲಿಯಲ್ಲೇ 200 ಮಿಲಿಗ್ರಾಂ ನಿಕೋಟಿನ್. ಮಕ್ಕಳಿರುವ ಮನೆಯಲ್ಲಿ ಇದು ಬೀಗ ಹಾಕಿಡುವ ವಸ್ತು.

ಹೊಸ ಕಾಯಿಲ್ ಹಾಕಿ, ಹತ್ತಿಯ ಮೇಲೆ ಕೆಲವು ಹನಿ ಬಿಟ್ಟು, ಟ್ಯಾಂಕ್ ತುಂಬಿಸಿ, ಹತ್ತು ನಿಮಿಷ ಸುಮ್ಮನಿಟ್ಟೆ. ಒಣ ಹತ್ತಿಗೆ ಶಾಖ ಕೊಟ್ಟರೆ ಸುಟ್ಟ ವಾಸನೆ ಹಿಡಿದು ಕಾಯಿಲ್ ಕೆಡುತ್ತದೆ. 3.3ರಿಂದ ಶುರು. ಗಂಟಲಿಗೆ ಸಾಕೆನಿಸಲಿಲ್ಲ, 3.5ಕ್ಕೆ ಏರಿಸಿದೆ, ಅಲ್ಲಿಗೆ ನಿಂತೆ.

ನಿಂತದ್ದಕ್ಕೆ ಕಾರಣವಿದೆ. 2015ರಲ್ಲಿ ಅಮೆರಿಕದ ಪೋರ್ಟ್‌ಲ್ಯಾಂಡ್ ಸ್ಟೇಟ್ ವಿಶ್ವವಿದ್ಯಾಲಯದವರು ಇಂಥದ್ದೇ ವೋಲ್ಟೇಜ್ ಬದಲಿಸುವ ಸಾಧನವನ್ನು ಯಂತ್ರಕ್ಕೆ ಜೋಡಿಸಿ ಪರೀಕ್ಷಿಸಿದರು. 3.3 ವೋಲ್ಟ್‌ನಲ್ಲಿ ಕ್ಯಾನ್ಸರ್ ತರಬಲ್ಲ ಫಾರ್ಮಾಲ್ಡಿಹೈಡ್ ಕೂಡಿದ ಸಂಯುಕ್ತಗಳು ಸಿಗಲಿಲ್ಲ, 5 ವೋಲ್ಟ್‌ನಲ್ಲಿ ಸಾಕಷ್ಟು ಸಿಕ್ಕವು. ದೊಡ್ಡ ಗದ್ದಲವೇ ಆಯಿತು. 5 ವೋಲ್ಟ್‌ನಲ್ಲಿ ಬರುವ ಸುಟ್ಟ ರುಚಿಯನ್ನು ಮನುಷ್ಯ ತಡೆಯಲಾರ, ಯಂತ್ರಕ್ಕೆ ನಾಲಿಗೆಯಿಲ್ಲ ಎಂಬುದು ಬೇರೆ ಸಂಶೋಧಕರ ಆಕ್ಷೇಪ. ಆ ಆಕ್ಷೇಪ ಸರಿಯೆಂದೇ ನನಗೂ ಅನಿಸುತ್ತದೆ. ಆದರೂ ನನ್ನಂಥ ಹೊಸಬನಿಗೆ ಎರಡೂ ಕಡೆಯಿಂದ ಸಿಗುವುದು ಒಂದೇ ಬುದ್ಧಿ: ಕೆಳಗಿನಿಂದ ಶುರು ಮಾಡು, ಸುಟ್ಟ ರುಚಿ ಬಂದ ಕ್ಷಣ ನಿಲ್ಲಿಸು.

ನವೆಂಬರ್

ಸಿಗರೇಟು ನಿಂತಿದೆ! ಮೆಟ್ಟಿಲು ಹತ್ತುವಾಗ ಉಸಿರು ಹಗುರ, ಊಟಕ್ಕೆ ರುಚಿ ಬಂದಿದೆ. ಇದನ್ನು ಬರೆಯುವಾಗ ನಿಜಕ್ಕೂ ಖುಷಿಯಾಗುತ್ತಿದೆ.

ಇನ್ನೊಂದು ಚಿಂತೆ ಮಾತ್ರ ಉಳಿದಿದೆ. 2019ರಲ್ಲಿ ಪ್ರಕಟವಾದ ಬ್ರಿಟನ್ನಿನ ಅಧ್ಯಯನವೊಂದರಲ್ಲಿ, ವರ್ಷದ ಕೊನೆಗೆ ವೇಪ್ ಗುಂಪಿನ ಶೇ 18 ಜನ ಸಿಗರೇಟು ಬಿಟ್ಟಿದ್ದರು. ಗಮ್, ಪ್ಯಾಚ್ ಬಳಸಿದವರಲ್ಲಿ ಶೇ 9.9. ಆದರೆ ವೇಪ್‌ನಿಂದ ಬಿಟ್ಟವರಲ್ಲಿ ಶೇ 80 ಜನ ಆಗಲೂ ವೇಪ್ ಎಳೆಯುತ್ತಲೇ ಇದ್ದರು. ಹಾಗಾಗಿ ಈಗ 10 ಮಿಲಿಗ್ರಾಂಗೆ ಇಳಿದಿದ್ದೇನೆ. ಇಲ್ಲೊಂದು ಎಚ್ಚರ ಬೇಕು: ನಿಕೋಟಿನ್ ಇಳಿಸಿದಾಗ ಕೈ ತಾನಾಗಿ ಗುಂಡಿಯನ್ನು ಏರಿಸುತ್ತದೆ, ದಮ್ಮೂ ಉದ್ದವಾಗುತ್ತದೆ. ಇಳಿಸಿದ್ದು ಆ ಕಡೆಯಿಂದ ವಾಪಸ್ ಬಂದುಬಿಡುತ್ತದೆ. 3.5ಕ್ಕಿಂತ ಮೇಲೆ ಹೋಗುವುದಿಲ್ಲ ಎಂದು ಗೆರೆ ಹಾಕಿಕೊಂಡಿದ್ದೇನೆ.

ಡಿಸೆಂಬರ್‌ನಲ್ಲಿ ಶಿವಮೊಗ್ಗಕ್ಕೆ ಹೋಗುವುದಿದೆ. ಅಣ್ಣ ಫೋನಿನಲ್ಲಿ "ನಂಗೂ ಒಂದು ತಗೊಂಡು ಬಾರೋ" ಅಂದ. ಆಗಲ್ಲ ಅಣ್ಣ ಅಂದೆ. ಭಾರತದಲ್ಲಿ 2019ರ ಕಾಯ್ದೆಯ ಪ್ರಕಾರ ಇ-ಸಿಗರೇಟಿನ ಆಮದು, ಮಾರಾಟ, ದಾಸ್ತಾನು ಎಲ್ಲಕ್ಕೂ ನಿಷೇಧ. ಆಮದು, ಮಾರಾಟದಲ್ಲಿ ಮೊದಲ ಸಲ ಸಿಕ್ಕಿಬಿದ್ದರೂ ಒಂದು ವರ್ಷದವರೆಗೆ ಜೈಲು, ಇಲ್ಲವೇ 1 ಲಕ್ಷ ರೂಪಾಯಿವರೆಗೆ ದಂಡ, ಅಥವಾ ಎರಡೂ. ನನ್ನದನ್ನೂ ಇಲ್ಲೇ ಬಿಟ್ಟು ಹೋಗುತ್ತೇನೆ. ಊರಲ್ಲಿ ಮೆಡಿಕಲ್ ಶಾಪಿನಲ್ಲಿ ಸಿಗುವ 2 ಮಿಲಿಗ್ರಾಂ ನಿಕೋಟಿನ್ ಗಮ್‌ನಲ್ಲೇ ದಿನ ತಳ್ಳುವ ಯೋಜನೆ. ಅಣ್ಣನಿಗೂ ಅದನ್ನೇ ಹೇಳಿದ್ದೇನೆ, ಇಬ್ಬರೂ ಒಟ್ಟಿಗೆ ಡಾಕ್ಟರ ಹತ್ತಿರ ಹೋಗಿ ಕೇಳೋಣ ಎಂದಿದ್ದಾನೆ. ವಾಪಸ್ ಬಂದ ಮೇಲೆ 10ರಿಂದ 5ಕ್ಕೆ ಇಳಿಯಬೇಕು.