88ರ ಜಾಗ ಖಾಲಿ

ಅಂತಿಮ ಬಿ.ಎಸ್ಸಿ.ಯಲ್ಲಿ ನಮಗೆ ಬೆಳಕು ಬಿಟ್ಟು ಲೋಹದಿಂದ ಎಲೆಕ್ಟ್ರಾನ್ ಹೊರಡಿಸುವ ದ್ಯುತಿವಿದ್ಯುತ್ ಪ್ರಯೋಗ ಹೇಳಿಕೊಟ್ಟ ಮೇಷ್ಟ್ರು 1240 ಎಂಬ ಸಂಖ್ಯೆಯನ್ನು ನಮ್ಮ ತಲೆಯಲ್ಲಿ ಅಚ್ಚೊತ್ತಿಬಿಟ್ಟಿದ್ದರು. 1240ನ್ನು ಬೆಳಕಿನ ತರಂಗಾಂತರದಿಂದ, ಅಂದರೆ ಎಷ್ಟು ನ್ಯಾನೊಮೀಟರೋ ಅಷ್ಟರಿಂದ ಭಾಗಿಸಿದರೆ, ಒಂದು ಫೋಟಾನಿನ, ಅಂದರೆ ಬೆಳಕಿನ ಒಂದು ಕಣದ, ಶಕ್ತಿ ಪರಮಾಣು ಮಟ್ಟದ ಅಳತೆಯಾದ ಎಲೆಕ್ಟ್ರಾನ್ ವೋಲ್ಟ್‌ನಲ್ಲಿ ಸಿಗುತ್ತದೆ. ಪಾದರಸ ದೀಪದ 546 ನ್ಯಾನೊಮೀಟರಿನ ಹಸಿರು ಗೆರೆಗೆ ಸುಮಾರು 2.27. ಲೆಕ್ಕ ಮುಗಿಯಿತು ಎಂದು ನಾವು ಪೆನ್ನು ಕೆಳಗಿಟ್ಟರೆ ಅವರ ಪ್ರಶ್ನೆ ಸಿದ್ಧವಾಗಿರುತ್ತಿತ್ತು: “ಉಳಿದದ್ದು ಎಲ್ಲಿ ಹೋಯಿತು?” ಲೋಹದಿಂದ ಬಿಡಿಸಿಕೊಳ್ಳಲು ಖರ್ಚಾದದ್ದೆಷ್ಟು, ಎಲೆಕ್ಟ್ರಾನ್ ಹೊತ್ತೊಯ್ದದ್ದೆಷ್ಟು ಎಂದು, ತೋಟದ ರೈಟರು ಸಂಜೆ ಆಳುಗಳ ಲೆಕ್ಕ ಒಪ್ಪಿಸಿದ ಹಾಗೆ ಒಪ್ಪಿಸಬೇಕಿತ್ತು.

ಮಡಿಕೇರಿಯ ಮಳೆಗಾಲದಲ್ಲಿ ಆ ಪ್ರಯೋಗ ಮಾಡುವುದೇ ಒಂದು ಸಾಹಸ. ಲೆನ್ಸುಗಳಿಗೆ ಬೂಷ್ಟು ಹಿಡಿಯುತ್ತಿತ್ತು. ಬೀರುವಿನಲ್ಲಿಟ್ಟ ಸಿಲಿಕಾ ಜೆಲ್ ನೋಡನೋಡುತ್ತಲೇ ನೀಲಿ ಬಣ್ಣ ಕಳೆದುಕೊಂಡು ಗುಲಾಬಿಗೆ ತಿರುಗುತ್ತಿತ್ತು. ಅದನ್ನು ಬಿಸಿಮಾಡಿ ಮತ್ತೆ ನೀಲಿಯಾಗುವವರೆಗೆ ಕಾಯುವ ಕೆಲಸ ಬಸ್ಸಿಗೆ ಇನ್ನೂ ಸಮಯವಿದ್ದ ಭಾಗಮಂಡಲ, ಮೂರ್ನಾಡು ಕಡೆಯ ಹುಡುಗ ಹುಡುಗಿಯರ ಪಾಲಿಗೆ ಬರುತ್ತಿತ್ತು. ನಾನೂ ಅವರಲ್ಲಿ ಒಬ್ಬ.

ಮುಂದೆ ಸಂಶೋಧನೆಗೆ ಸೇರಿದಾಗ ನನಗೆ ಸಿಕ್ಕಿದ ವಿಷಯ, ಫ್ಲೋರೀನ್ ಇರುವ ಅನಿಲಗಳ ಅಣುಗಳು ಬೆಳಕು ತಗುಲಿ ಎಲೆಕ್ಟ್ರಾನ್ ಕಳೆದುಕೊಂಡಾಗ ಹೇಗೆ ಒಡೆಯುತ್ತವೆ ಎಂಬುದು. ಇದಕ್ಕೆ ಬೇಕಾದ ಬೆಳಕನ್ನು ಗಾಳಿಯೇ ನುಂಗಿಬಿಡುತ್ತದೆ, ಹಾಗಾಗಿ ಎಲ್ಲವೂ ನಿರ್ವಾತದಲ್ಲಿ ನಡೆಯಬೇಕು. ಗಾಜು, ಸ್ಫಟಿಕಶಿಲೆ ಯಾವುದೂ ಕಿಟಕಿಯಾಗಿ ಉಪಯೋಗಕ್ಕೆ ಬಾರದು. ಲಿಥಿಯಂ ಫ್ಲೋರೈಡ್ ಹರಳು ಎಲ್ಲಕ್ಕಿಂತ ಮುಂದೆ ಹೋಗುತ್ತದೆ, ಆದರೆ ಅದೂ ಸುಮಾರು 105 ನ್ಯಾನೊಮೀಟರಿಗೆ ನಿಲ್ಲುತ್ತದೆ, ಅದಕ್ಕಿಂತ ಕಿರಿದಾದ ತರಂಗಾಂತರದ ಬೆಳಕನ್ನು ಒಳಬಿಡುವುದಿಲ್ಲ. ಮೇಷ್ಟ್ರ ಭಾಗಾಕಾರ ಮಾಡಿದರೆ 11.8 ಎಲೆಕ್ಟ್ರಾನ್ ವೋಲ್ಟ್. ಒಂದು ಕಾರ್ಬನಿಗೆ ನಾಲ್ಕು ಫ್ಲೋರೀನ್ ಅಂಟಿರುವ ಕಾರ್ಬನ್ ಟೆಟ್ರಾಫ್ಲೋರೈಡ್ ಎಲೆಕ್ಟ್ರಾನ್ ಬಿಟ್ಟುಕೊಡಲು 15ಕ್ಕಿಂತ ಹೆಚ್ಚು ಬೇಕು. ಆದ್ದರಿಂದ ಕಿಟಕಿಯೇ ಇಲ್ಲದೆ, ದಾರಿಯುದ್ದಕ್ಕೂ ಪಂಪುಗಳಿಂದ ಅನಿಲವನ್ನು ಹೀರುತ್ತಾ, ಎಲೆಕ್ಟ್ರಾನುಗಳನ್ನು ವೇಗವಾಗಿ ಸುತ್ತಿಸಿ ಬೆಳಕು ಪಡೆಯುವ ಸಿಂಕ್ರೊಟ್ರಾನ್ ಯಂತ್ರದ ಬೆಳಕನ್ನು ನೇರವಾಗಿ ಅಣುಗಳ ಮೇಲೆ ಬಿಡಬೇಕು. ನಮ್ಮ ದೇಶದಲ್ಲಿ ಇಂದೋರಿನ ಇಂಡಸ್-1 ಇಂಥ ಬೆಳಕಿನ ಮೂಲ.

ಹೀಗೆ ಹುಟ್ಟಿದ ಅಯಾನುಗಳನ್ನು, ಅಂದರೆ ಎಲೆಕ್ಟ್ರಾನ್ ಕಳೆದುಕೊಂಡು ವಿದ್ಯುದಂಶ ಪಡೆದ ಕಣಗಳನ್ನು, ವಿದ್ಯುತ್ ಕ್ಷೇತ್ರ ಒಂದು ಕೊಳವೆಯೊಳಕ್ಕೆ ತಳ್ಳುತ್ತದೆ. ಹಗುರವಾದವು ಮೊದಲು ತಲುಪುತ್ತವೆ, ಭಾರದವು ಆಮೇಲೆ. ತಲುಪಿದ ಸಮಯದಿಂದ ತೂಕ ಗೊತ್ತಾಗುತ್ತದೆ. ಹೈಡ್ರೋಜನ್ ಪರಮಾಣುವಿನ ತೂಕ ಸುಮಾರು 1 ಎಂದಿಟ್ಟುಕೊಂಡರೆ ಕಾರ್ಬನ್ ಟೆಟ್ರಾಫ್ಲೋರೈಡ್ ಅಣುವಿನ ತೂಕ 88. ಪರದೆಯ ಮೇಲೆ 88ರ ಜಾಗ ಖಾಲಿ! 69ರಲ್ಲಿ ಮಾತ್ರ ಒಂದು ದೊಡ್ಡ ಶಿಖರ. ಕಳೆದುಹೋದ 19 ಒಂದು ಫ್ಲೋರೀನ್ ಪರಮಾಣು. ಅದಕ್ಕೆ ವಿದ್ಯುದಂಶವಿಲ್ಲದ್ದರಿಂದ ಉಪಕರಣದ ಕಣ್ಣಿಗೆ ಬೀಳುವುದಿಲ್ಲ. ಸಲ್ಫರ್ ಹೆಕ್ಸಾಫ್ಲೋರೈಡಿನದೂ ಇದೇ ಕಥೆ: 146 ಇಲ್ಲ, 127 ಇದೆ.

ನನಗೆ ಇದು ವಿಚಿತ್ರವಾಗಿ ಕಂಡಿತು. ಕಾರ್ಬನ್-ಫ್ಲೋರೀನ್ ಬಂಧ ಬಲವಾದ ಬಂಧಗಳ ಸಾಲಿಗೆ ಸೇರಿದ್ದು. ಆ ಬಲದಿಂದಲೇ ಈ ಅನಿಲ ವಾತಾವರಣದಲ್ಲಿ ಸುಮಾರು 50,000 ವರ್ಷ ಉಳಿಯುತ್ತದೆ ಎಂದು ಅಂದಾಜು. ಅಂಥದ್ದು ಒಂದು ಎಲೆಕ್ಟ್ರಾನ್ ಹೋದ ಮಾತ್ರಕ್ಕೆ ಒಡೆಯುವುದೇಕೆ? ಉತ್ತರ ಕೂಡುವ ಲೆಕ್ಕದಲ್ಲಿದೆ. ಒಂದು ಫ್ಲೋರೀನನ್ನು ಕೀಳಲು ಸುಮಾರು 5.6 ಎಲೆಕ್ಟ್ರಾನ್ ವೋಲ್ಟ್, ಉಳಿದ ತುಂಡಿನಿಂದ ಎಲೆಕ್ಟ್ರಾನ್ ತೆಗೆಯಲು ಸುಮಾರು 9.1. ಎರಡೂ ಸೇರಿದರೆ 14.7. ಇಡೀ ಅಣುವಿನಿಂದ ಎಲೆಕ್ಟ್ರಾನ್ ತೆಗೆಯಬೇಕಾದರೆ ಇದಕ್ಕಿಂತ ಹೆಚ್ಚು ಬೇಕು. ಅಂದರೆ ಅಯಾನು ಹುಟ್ಟುವಾಗಲೇ ಒಡೆಯಲು ಸಾಕಾಗುವಷ್ಟು ಶಕ್ತಿ ಅದರ ಕೈಯಲ್ಲಿರುತ್ತದೆ.

ಮಿಕ್ಕ ಶಕ್ತಿ ಎಲ್ಲಿ ಹೋಯಿತು? ಅದು ಶಿಖರದ ಆಕಾರದಲ್ಲೇ ಬರೆದಿದೆ. ಹೋಲಿಕೆಗೆಂದು ಹಾಕಿದ, ಒಂಟಿ ಪರಮಾಣುಗಳಾಗಿದ್ದು ಒಡೆಯದ ಆರ್ಗಾನಿನ ಶಿಖರ ಸೂಜಿಯಂತೆ ಕಿರಿದು, 69ರದು ಅಗಲ. ತುಂಡುಗಳು ರಭಸದಿಂದ ಬೇರೆಯಾಗುವಾಗ ಕೆಲವು ಅಯಾನುಗಳು ಪತ್ತೆಕಾರಕದ ಕಡೆಗೆ, ಕೆಲವು ಅದರ ವಿರುದ್ಧ ದಿಕ್ಕಿಗೆ ಚಿಮ್ಮುತ್ತವೆ. ಮೊದಲಿನವು ತುಸು ಬೇಗ, ಎರಡನೆಯವು ತುಸು ತಡವಾಗಿ ತಲುಪುತ್ತವೆ. ಅಗಲ ಅಳೆದರೆ ಚಿಮ್ಮಿದ ಶಕ್ತಿ ಸಿಗುತ್ತದೆ. ಅದೇ ಕ್ಷಣ ಹೊರಬಂದ ಎಲೆಕ್ಟ್ರಾನನ್ನೂ ಜೊತೆಗೇ ಹಿಡಿದರೆ ಲೆಕ್ಕ ಪೂರ್ತಿ ಕೂಡುತ್ತದೆ.

ಇದು ಯಾರಿಗೂ ಬೇಡವಾದ ಅನಿಲಗಳ ವಿಷಯವಲ್ಲ. ಅಲ್ಯೂಮಿನಿಯಂ ತಯಾರಿಸುವ ಕುಲುಮೆಗಳಿಂದ ಕಾರ್ಬನ್ ಟೆಟ್ರಾಫ್ಲೋರೈಡ್ ಹೊರಬೀಳುತ್ತದೆ. ಕಂಪ್ಯೂಟರ್ ಚಿಪ್ಪುಗಳ ಸಿಲಿಕಾನನ್ನು ಕೊರೆಯುವ ಪ್ಲಾಸ್ಮಾ ಎಂಬ ವಿದ್ಯುದಂಶಭರಿತ ಅನಿಲದಲ್ಲಿಯೂ ಅದನ್ನು ಬಳಸುತ್ತಾರೆ. ವಿದ್ಯುತ್ ಉಪಕೇಂದ್ರಗಳ ಸರ್ಕ್ಯೂಟ್ ಬ್ರೇಕರುಗಳಲ್ಲಿ ತುಂಬುವ ಸಲ್ಫರ್ ಹೆಕ್ಸಾಫ್ಲೋರೈಡ್, 100 ವರ್ಷಗಳ ಲೆಕ್ಕದಲ್ಲಿ, ಅಷ್ಟೇ ತೂಕದ ಇಂಗಾಲದ ಡೈಆಕ್ಸೈಡಿಗಿಂತ ಸುಮಾರು 23,500 ಪಟ್ಟು ಹೆಚ್ಚು ಭೂಮಿಯನ್ನು ಬಿಸಿಮಾಡಬಲ್ಲದು. ಇಂಥವು ಎಲ್ಲಿ, ಎಷ್ಟು ಶಕ್ತಿಗೆ ಒಡೆಯುತ್ತವೆ ಎಂಬುದು ನಿಖರವಾಗಿ ಗೊತ್ತಿರಲೇಬೇಕು.

ಎರಡು ಕಾರ್ಬನ್, ನಾಲ್ಕು ಫ್ಲೋರೀನ್ ಇರುವ ಟೆಟ್ರಾಫ್ಲೋರೊಎಥಿಲೀನ್ ಮಾತ್ರ ಬೇರೆ ಜಾತಿ. ಅದರ ಅಯಾನು 100ರ ಜಾಗದಲ್ಲಿ ಗಟ್ಟಿಯಾಗಿ ನಿಲ್ಲುತ್ತದೆ. ಶಕ್ತಿ ಏರಿಸುತ್ತಾ ಹೋದರೆ ಮತ್ತೆ 69 ಕಾಣಿಸಿಕೊಳ್ಳುತ್ತದೆ. ಆದರೆ ಆ ಅಣುವಿನಲ್ಲಿ ಪ್ರತಿ ಕಾರ್ಬನಿಗೆ ಇರುವುದು ಎರಡೇ ಫ್ಲೋರೀನ್. 69 ಆಗಲು ಮೂರು ಬೇಕು. ಒಡೆಯುವ ಮೊದಲು ಒಂದು ಫ್ಲೋರೀನ್ ಪಕ್ಕದ ಕಾರ್ಬನಿಗೆ ದಾಟಿರಬೇಕು! ಈ ಸಂತೋಷ ತಡೆಯಲಾರದೆ, ನಿವೃತ್ತರಾಗಿ ನಾಪೋಕ್ಲು ಕಡೆ ತೋಟ ನೋಡಿಕೊಳ್ಳುತ್ತಿದ್ದ ಮೇಷ್ಟ್ರಿಗೆ ಪತ್ರ ಬರೆದೆ. ಉತ್ತರ ಒಂದು ಕಾರ್ಡಿನಲ್ಲಿ ಬಂತು: “69 ಸರಿ. 31 ಎಲ್ಲಿ?”

31 ಅಲ್ಲೇ ಇತ್ತು. ಒಂದು ಕಾರ್ಬನ್, ಒಂದು ಫ್ಲೋರೀನ್ ಇರುವ ಆ ತುಂಡಿನಿಂದ ಎಲೆಕ್ಟ್ರಾನ್ ತೆಗೆಯಲೂ ಸುಮಾರು 9.1 ಎಲೆಕ್ಟ್ರಾನ್ ವೋಲ್ಟ್ ಸಾಕು. ಹಾಗಾಗಿ ವಿದ್ಯುದಂಶ ಯಾವ ತುಂಡಿನ ಪಾಲಿಗೂ ಬರಬಹುದು; ಎರಡು ಅಯಾನುಗಳೂ ಸುಮಾರು 13.7ರ ಹತ್ತಿರವೇ ಶುರುವಾಗುತ್ತವೆ. ಎರಡೂ ಗೆರೆಗಳಿರುವ ಗ್ರಾಫನ್ನು ಮಡಚಿ ಅವರಿಗೆ ಕಳುಹಿಸಿದೆ.